ಹೊಳೆಬದಿಯಲ್ಲಿ ಗಾಳ ಹಾಕುವವರೂ ಇಲಾಖೆಯವರೂ ಎದುರಾದಾಗ

ಪ್ರಶ್ನೆ: ನಮ್ಮ ಕಾಫಿ ತೋಟ ಕಾವೇರಿ ದಂಡೆಯಲ್ಲಿದೆ. ಅಜ್ಜನ ಕಾಲದಿಂದಲೂ ತೋಟದಂಚಿನ ಹೊಳೆಯಲ್ಲಿ ಗಾಳ ಹಾಕುತ್ತ ಬಂದಿದ್ದೇವೆ. ಕಳೆದ ತಿಂಗಳು ಒಂದು ಭಾನುವಾರ ಸಂಜೆ, ಕಾಲೇಜಿನಲ್ಲಿ ಓದುವ ಮಗನೊಂದಿಗೆ ಹೊಳೆಬದಿಯಲ್ಲಿದ್ದಾಗ ಸಮವಸ್ತ್ರವಿಲ್ಲದ ಇಬ್ಬರು ಬಂದು, ತಾವು ಮೀನುಗಾರಿಕೆ ಇಲಾಖೆಯವರು, ಪರವಾನಗಿ ತೋರಿಸಿ ಎಂದರು. ಇದು ನಮ್ಮ ತೋಟದ ಹೊಳೆ, ಹಿಡಿದ ಮೀನನ್ನು ಬಿಟ್ಟುಬಿಡುತ್ತೇವೆ, ಪರವಾನಗಿ ಯಾಕೆ ಎಂದು ಕೇಳಿದೆ. ಮಾತಿಗೆ ಮಾತು ಬೆಳೆಯಿತು. ನಮ್ಮ ಚೀಲ ತೆಗೆದು ನೋಡಿದರು. ಎರಡು ಗಾಳದ ಕೋಲುಗಳನ್ನು ರಸೀದಿ ಕೊಡದೆ ಒಯ್ದರು. ಮಗ ಅದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಾನೆ. ಈಗ ಕೇಸು ಹಾಕುತ್ತಾರೆ ಎಂದು ಕೆಲವರು ಹೆದರಿಸುತ್ತಾರೆ, ಐನೂರು ರೂಪಾಯಿ ಕೊಟ್ಟಿದ್ದರೆ ಅಲ್ಲೇ ಮುಗಿಯುತ್ತಿತ್ತು ಎಂದು ಇನ್ನು ಕೆಲವರು ಹೇಳುತ್ತಾರೆ. ಅವರಿಗೆ ಅಷ್ಟು ಅಧಿಕಾರವಿದೆಯೇ? ಮುಂದೆ ನಾವು ಹೇಗೆ ನಡೆದುಕೊಳ್ಳಬೇಕು?
(ಓದುಗರು, ಕೊಡಗು)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಅವರಿಗೆ ಹಾಗೆ ಮಾಡುವ ಅಧಿಕಾರವಿತ್ತೇ, ನಿಮ್ಮ ಮೇಲೆ ಮುಂದೆ ಕ್ರಮವೇನಾದರೂ ಆದೀತೇ, ಅದೇ ಹೊಳೆಬದಿಗೆ ಇನ್ನು ಮುಜುಗರವಿಲ್ಲದೆ ಹೋಗುವುದು ಹೇಗೆ ಎಂಬ ಈ ಮೂರಕ್ಕೂ ಬೇರೆ ಬೇರೆ ಉತ್ತರಗಳಿವೆ. ಒಳನಾಡು ಮೀನುಗಾರಿಕೆಯ ಕೆಲಸದಲ್ಲೇ ವೃತ್ತಿಜೀವನ ಕಳೆದವನಾದ್ದರಿಂದ ಇಂಥ ಜಗಳಗಳ ವಿವರವನ್ನು ಗಾಳ ಹಾಕುವವರ ಬಾಯಿಂದಲೂ ಸಿಬ್ಬಂದಿಯ ಬಾಯಿಂದಲೂ ಕೇಳಿದ್ದೇನೆ. ನಿಮ್ಮ ಪ್ರಕರಣದಲ್ಲಿ ನಿಮ್ಮ ಕಡೆಯಿಂದ ಒಂದು ತಪ್ಪು ತಿಳಿವಳಿಕೆಯೂ ಅವರ ಕಡೆಯಿಂದ ಒಂದು ಸ್ಪಷ್ಟ ಲೋಪವೂ ಆಗಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ನಿಮ್ಮ ಕಡೆಯದನ್ನು ಹೇಳಿಬಿಡುತ್ತೇನೆ.

ತೋಟದ ಅಂಚಿನಲ್ಲಿ ಹರಿಯುವ ಹೊಳೆ ತೋಟದವರದ್ದು ಎಂಬ ನಂಬಿಕೆ ಕೊಡಗಿನಲ್ಲಿ ಬಹಳ ಗಟ್ಟಿಯಾಗಿದೆ. ಜಮ್ಮಾ ಹಿಡುವಳಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಹಿಡುವಳಿ ಇರುವ ಮನೆತನಗಳಲ್ಲಿ ಇದು ಇನ್ನೂ ಗಟ್ಟಿ. ದಂಡೆಯವರೆಗಿನ ಜಾಗ ನಿಮ್ಮದಾಗಿರಬಹುದು, ಆ ದಾರಿಯಲ್ಲಿ ಹೊರಗಿನವರು ಬರಬಾರದೆಂದು ತಡೆಯುವ ಹಕ್ಕೂ ನಿಮಗಿರಬಹುದು. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ, ಖಾಸಗಿ ಸ್ವತ್ತೆಂದು ಸಾಬೀತಾಗದ ನದಿ, ತೊರೆ, ಹಳ್ಳ, ಕೆರೆಗಳೆಲ್ಲ ರಾಜ್ಯ ಸರ್ಕಾರದ ಸ್ವತ್ತು. ನಿಮ್ಮ ಗದ್ದೆಯ ನಡುವೆ ನೀವೇ ತೋಡಿಸಿ ಮೀನುಮರಿ ಬಿಟ್ಟ ಕೆರೆಯ ಮಾತು ಬೇರೆ. ಕಾವೇರಿಯ ಮಾತು ಹಾಗಲ್ಲ. ಅಲ್ಲಿ ಮೀನು ಹಿಡಿಯುವುದನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ ನಿಯಂತ್ರಿಸುತ್ತದೆ. ಆದ್ದರಿಂದ ಹೊಳೆಯಲ್ಲಿ ಗಾಳ ಬಿಟ್ಟು ಕುಳಿತವರ ಬಳಿ ಬಂದು ಪರವಾನಗಿ ಕೇಳುವುದು ಅಧಿಕಾರ ಪಡೆದ ಸಿಬ್ಬಂದಿಯ ಕರ್ತವ್ಯವೇ ಹೊರತು ನಿಮ್ಮ ಮನೆತನಕ್ಕೆ ಮಾಡಿದ ಅವಮಾನವಲ್ಲ. ಅಜ್ಜನ ಕಾಲದಲ್ಲಿ ಯಾರೂ ಕೇಳಿರಲಿಲ್ಲ ಎನ್ನುವುದು ನಿಜವಿರಬಹುದು. ಆಗ ಹೊಳೆಯಲ್ಲಿದ್ದ ಮೀನೂ ದಂಡೆಗೆ ಬರುತ್ತಿದ್ದ ಜನವೂ ಬೇರೆ ಪ್ರಮಾಣದಲ್ಲಿದ್ದವು.

ಇನ್ನು, ಹಿಡಿದ ಮೀನನ್ನು ಬಿಟ್ಟುಬಿಡುತ್ತೇವೆ ಎಂಬ ನಿಮ್ಮ ಮಾತು. ಅದರ ಹಿಂದಿನ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಆದರೆ ಅದು ಅನುಮತಿಗೆ ಬದಲಿಯಾಗುವುದಿಲ್ಲ. ಬಿಡುವುದಕ್ಕೆ ಮುಂಚೆ ಹಿಡಿಯುವುದಿದೆಯಷ್ಟೆ, ಕಾನೂನು ನೋಡುವುದು ಆ ಹಿಡಿಯುವುದನ್ನು. ಕೊಡಗಿನಿಂದ ಕೆಳಗೆ, ಕಾವೇರಿ ವನ್ಯಧಾಮದೊಳಗಿನ ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆ ಶಿಬಿರಗಳಲ್ಲಿ ಬಿಳಿಮೀನನ್ನು (ಮಹಶೀರ್) ಗಾಳದಲ್ಲಿ ಹಿಡಿದು ಜೀವಂತ ಬಿಡುವ ಕ್ರೀಡೆ ವರ್ಷಗಟ್ಟಲೆ ನಡೆದು ಜಗತ್ತಿನ ಗಮನ ಸೆಳೆದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ವನ್ಯಧಾಮದೊಳಗೆ ಅದಕ್ಕೆ ಅವಕಾಶವಿಲ್ಲವೆಂಬ ನಿಲುವು ಬಂದಾಗ, ಮೀನಿಗೆ ಹಾನಿಯಾಗುತ್ತಿರಲಿಲ್ಲ ಎಂಬ ವಾದ ಅದನ್ನು ಉಳಿಸಲಿಲ್ಲ. ನಮ್ಮ ಜಿಲ್ಲೆಯಲ್ಲೇ ವಾಲ್ನೂರು ಭಾಗದ ಕಾವೇರಿಯನ್ನು ಕೊಡಗು ವನ್ಯಜೀವಿ ಸಂಘವು ಇಲಾಖೆಯಿಂದ ಗುತ್ತಿಗೆಗೆ ಪಡೆದು ಗಾಳ ಕ್ರೀಡೆಯನ್ನು ನಡೆಸಿಕೊಂಡು ಬಂದದ್ದನ್ನು ನೀವು ಕೇಳಿರುತ್ತೀರಿ. ಮೀನನ್ನು ಬಿಟ್ಟುಬಿಡುವುದೇ ನಿಯಮವಾದ ಅಲ್ಲಿಯೂ ದಂಡೆಗೆ ಇಳಿಯುವ ಮುಂಚೆ ಅನುಮತಿ ಪತ್ರ ಪಡೆಯುವುದೇ ರೂಢಿ. ಹಾಗೆ ಗುತ್ತಿಗೆಗೆ ಹೋದ ಭಾಗದಲ್ಲಿ ಗುತ್ತಿಗೆದಾರರ ಒಪ್ಪಿಗೆ ಬೇಕು, ಉಳಿದ ಕಡೆ ಇಲಾಖೆಯ ಪರವಾನಗಿ ಬೇಕು, ವನ್ಯಧಾಮ ಮತ್ತು ಮೀಸಲು ಅರಣ್ಯದ ಅಂಚಿನಲ್ಲಿ ಅರಣ್ಯ ಇಲಾಖೆಯ ಮಾತೇ ನಡೆಯುತ್ತದೆ.

ಕೊಡಗಿನ ಜಗಳಗಳು ಹುಟ್ಟುವುದು ಬಹುಮಟ್ಟಿಗೆ ಈ ಗಡಿಗಳ ಗೊಂದಲದಲ್ಲಿ. ದುಬಾರೆಯ ಸುತ್ತ ಒಂದು ದಂಡೆಯಲ್ಲಿ ತೋಟ, ಎದುರು ದಂಡೆಯಲ್ಲಿ ಕಾಡು. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಾಗ ಗಾಳ ಹಾಕುವವರು ಬಂಡೆಯಿಂದ ಬಂಡೆಗೆ ದಾಟುತ್ತ ತಮಗೆ ಅರಿವಿಲ್ಲದೆಯೇ ಎದುರು ದಂಡೆ ಸೇರಿರುತ್ತಾರೆ. ಹಾರಂಗಿ, ಚಿಕ್ಲಿಹೊಳೆಯಂಥ ಜಲಾಶಯಗಳಲ್ಲಿ ನೀರಾವರಿಯವರ ಭದ್ರತಾ ನಿಯಮಗಳೂ ಸೇರಿಕೊಳ್ಳುತ್ತವೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳು ಮತ್ತು ನಾಗರಹೊಳೆಯ ಒಳಗಿನ ತೊರೆಗಳ ವಿಷಯದಲ್ಲಿ ಚರ್ಚೆಗೇ ಜಾಗವಿಲ್ಲ, ಅಲ್ಲಿ ಗಾಳ ಹಿಡಿದು ಹೋಗಲೇಬಾರದು. ಕೊಡಗಿನ ಗಡಿ ದಾಟಿದ ಕೂಡಲೇ ಸಿಗುವ ರಾಮನಾಥಪುರದ ಮತ್ಸ್ಯಧಾಮದಲ್ಲೂ ಹಾಗೆಯೇ. ಹೀಗೆ ಒಂದೇ ಹೊಳೆಗೆ ಹಲವು ಇಲಾಖೆಗಳಿರುವಾಗ ದಂಡೆಯಲ್ಲಿ ನಿಂತವನಿಗೆ ಯಾರಿಗೆ ಯಾವ ಕಾಗದ ತೋರಿಸಬೇಕೆಂದು ತಿಳಿಯದಿರುವುದು ಸಹಜ, ಬಂದ ಸಿಬ್ಬಂದಿಗೂ ಕೆಲವೊಮ್ಮೆ ತಮ್ಮ ಎಲ್ಲೆ ಎಲ್ಲಿ ಮುಗಿಯುತ್ತದೆಂಬುದು ಖಚಿತವಿರುವುದಿಲ್ಲ. ಗೊತ್ತಿಲ್ಲದ ಇಬ್ಬರೂ ಗೊತ್ತಿರುವವರಂತೆ ಗಟ್ಟಿಯಾಗಿ ಮಾತಾಡತೊಡಗಿದಾಗ ಮಾತು ಕೆಡುತ್ತದೆ.

ಈಗ ಅವರ ಕಡೆಯ ಲೋಪಕ್ಕೆ ಬರುತ್ತೇನೆ. ಸಮವಸ್ತ್ರವಿಲ್ಲದೆ ಬಂದದ್ದು ತಪ್ಪಲ್ಲ. ಮೀನುಗಾರಿಕೆ ಸಿಬ್ಬಂದಿ ಸಾಮಾನ್ಯ ಉಡುಪಿನಲ್ಲೇ ಓಡಾಡುವುದುಂಟು. ಆದರೆ ಕೇಳುವ ಮುಂಚೆ ತಾವೇ ಗುರುತಿನ ಚೀಟಿ ತೋರಿಸಿ ಹೆಸರು, ಹುದ್ದೆ ಹೇಳಬೇಕು. ಅವರು ಹೇಳದಿದ್ದರೆ "ಸಾರ್, ನಿಮ್ಮ ಗುರುತಿನ ಚೀಟಿ ನೋಡಬಹುದೇ, ನಮ್ಮ ವಿವರವನ್ನೂ ಕೊಡುತ್ತೇವೆ" ಎಂದು ನೀವು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ. ಹೊಳೆಬದಿಯಲ್ಲಿ ಇಲಾಖೆಯ ಹೆಸರು ಹೇಳಿ ಹಣ ಕೀಳುವವರೂ ಇರುವುದರಿಂದ ಈ ಪ್ರಶ್ನೆಯನ್ನು ಪ್ರಾಮಾಣಿಕ ಅಧಿಕಾರಿ ಸ್ವಾಗತಿಸಬೇಕು. ಎರಡನೆಯದಾಗಿ, ಸರ್ಕಾರಿ ನೌಕರನೊಬ್ಬ ನಾಗರಿಕನ ವಸ್ತುವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅದರ ದಾಖಲೆ ಇರಲೇಬೇಕು. ಯಾವ ವಸ್ತು, ಯಾವ ಸ್ಥಿತಿಯಲ್ಲಿತ್ತು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ನಿಯಮದಡಿ ತೆಗೆದುಕೊಳ್ಳಲಾಯಿತು ಎಂಬುದನ್ನು ಬರೆದು, ಮಹಜರಿನ ಪ್ರತಿಯನ್ನೋ ರಸೀದಿಯನ್ನೋ ನಿಮ್ಮ ಕೈಗೆ ಕೊಡಬೇಕಿತ್ತು. ರಸೀದಿಯಿಲ್ಲದೆ ಒಯ್ದ ಕೋಲು ಕಚೇರಿಯ ದಾಖಲೆಗೆ ಬಾರದೆ ಹೋದರೆ ನಿಮಗೆ ನಷ್ಟ, ನಾಳೆ ನೀವು ಕಳವು ಎಂದು ದೂರು ಕೊಟ್ಟರೆ ಆ ಸಿಬ್ಬಂದಿಗೂ ಕಷ್ಟ. ಇದನ್ನು ನಾನು ನನ್ನ ಕಿರಿಯ ಸಹೋದ್ಯೋಗಿಗಳಿಗೆ ಯಾವಾಗಲೂ ಹೇಳುತ್ತಿದ್ದೆ. ಮಗನ ಎದುರಿಗೆ ತಂದೆಯನ್ನು ಏಕವಚನದಲ್ಲಿ ಮಾತಾಡಿಸಿದರೆ ಆ ಮನೆಯವರು ಇಲಾಖೆಗೆ ಇನ್ನೆಂದೂ ಮಾಹಿತಿ ಕೊಡುವುದಿಲ್ಲ ಎಂಬುದನ್ನೂ ಹೇಳುತ್ತಿದ್ದೆ.

ಚೀಲ ನೋಡಿದ್ದರ ಬಗ್ಗೆ ಕೇಳಿದ್ದೀರಿ. ಮೀನು ಹಿಡಿಯುವ ಸ್ಥಳದಲ್ಲಿ ಸಾಧನ, ಎರೆ, ಹಿಡಿದ ಮೀನನ್ನು ಪರಿಶೀಲಿಸುವುದು ತಪಾಸಣೆಯ ಸ್ವಾಭಾವಿಕ ಭಾಗ. ಅವರು ಕೈ ಹಾಕುವ ಮುಂಚೆ ನೀವೇ ಚೀಲ ತೆರೆದು ಬಂಡೆಯ ಮೇಲೆ ಎಲ್ಲವನ್ನೂ ಹರಡುವುದು ನಾನು ಕಂಡ ಅತ್ಯುತ್ತಮ ರೂಢಿ. ಅದರಿಂದ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಹೆಸರು, ವಿಳಾಸ ಕೇಳಿದರೆ ಹೇಳಿಬಿಡಿ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ, ತಪ್ಪು ಮಾಡುತ್ತಿರುವುದು ಕಣ್ಣಿಗೆ ಬಿದ್ದವನ ಹೆಸರು, ವಿಳಾಸ ಗೊತ್ತಿಲ್ಲದೆ ಅವನು ಹೇಳಲೂ ಒಪ್ಪದಿದ್ದರೆ ವಾರಂಟಿಲ್ಲದೆ ಬಂಧಿಸಬಹುದೆಂಬ ಅವಕಾಶವಿತ್ತು. ಸಣ್ಣ ಪ್ರಕರಣ ಬಂಧನದವರೆಗೆ ಹೋಗುವ ದಾರಿ ಯಾವುದೆಂಬುದು ಅದರಿಂದ ಅರ್ಥವಾಗುತ್ತದೆ. ಕೊಡಗಿಗೇ ಸಂಬಂಧಿಸಿದ ಇನ್ನೊಂದು ಮಾತು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಸಂಜೆಗತ್ತಲಲ್ಲಿ ಕೋವಿ ಹೆಗಲಿಗೇರಿಸಿ ಹೊಳೆಬದಿಯಲ್ಲಿ ಕುಳಿತವರನ್ನು ಯಾವ ಸಿಬ್ಬಂದಿಯೂ ನೆಮ್ಮದಿಯಿಂದ ಸಮೀಪಿಸಲಾರ. ಮೀನಿಗೆ ಹೋಗುವಾಗ ಕೋವಿ ಮನೆಯಲ್ಲೇ ಇರಲಿ.

ಅವರು ಮೊದಲ ಮಾತಿಗೇ ಯಾಕೆ ಅಷ್ಟು ಒರಟಾಗಿದ್ದರು ಎಂದು ನಿಮಗೆ ಅನ್ನಿಸಿರಬಹುದು. ಒರಟುತನವನ್ನು ನಾನು ಸಮರ್ಥಿಸುವುದಿಲ್ಲ, ಕಾರಣವನ್ನಷ್ಟೇ ಹೇಳುತ್ತೇನೆ. ತಾಲ್ಲೂಕಿಗೆ ಬೆರಳೆಣಿಕೆಯ ಸಿಬ್ಬಂದಿ. ಮೀನುಮರಿ ವಿತರಣೆ, ಸಹಾಯಧನದ ಕಡತ, ಕೆರೆಗಳ ಹರಾಜು, ಹೊಳೆಯ ಗಸ್ತು ಎಲ್ಲವೂ ಅವರದೇ ಹೊಣೆ. ದೂರದಿಂದ ನೋಡಿದಾಗ ಸಂಜೆ ಹೊತ್ತು ಮಡುವಿನ ಬಳಿ ಕುಳಿತವನ ಕೈಯಲ್ಲಿ ಗಾಳವಿದೆಯೋ ಸಿಡಿಮದ್ದಿದೆಯೋ ಅವರಿಗೆ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ, ಮೀನೆಲ್ಲ ಆಳದ ಮಡುಗಳಲ್ಲಿ ಸೇರಿಕೊಂಡ ಕಾಲದಲ್ಲೇ ಮದ್ದು ಎಸೆಯುವವರು, ಬ್ಲೀಚಿಂಗ್ ಪುಡಿ ಸುರಿಯುವವರು ಬರುವುದು. ಮದ್ದು ಸಿಡಿದಾಗ ನೀರಿನ ಒತ್ತಡಕ್ಕೆ ಮೀನಿನ ಗಾಳಿಚೀಲ ಒಡೆಯುತ್ತದೆ. ತೇಲಿ ಬಂದಷ್ಟನ್ನು ಆರಿಸಿಕೊಂಡು ಹೋಗುತ್ತಾರೆ, ತಳಕ್ಕೆ ಮುಳುಗಿದವು ಲೆಕ್ಕಕ್ಕೇ ಸಿಗುವುದಿಲ್ಲ, ಬೆರಳುದ್ದದ ಮರಿಗಳೂ ಜೊತೆಗೆ ಸಾಯುತ್ತವೆ. ಅಂಥವರನ್ನು ಹಿಡಿಯಲು ಹೋಗಿ ಬೆದರಿಕೆ ಕೇಳಿ ಬಂದ ನೌಕರ ಮರುವಾರ ನಿಮ್ಮ ಮುಂದೆ ನಿಂತಾಗ ಹಳೆಯ ಭಯ ಅವನ ದನಿಯಲ್ಲಿರುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಷ್ಟು ಉದ್ದದ ಹೊಳೆಯನ್ನು ಅಷ್ಟು ಕಡಿಮೆ ಸಿಬ್ಬಂದಿ ಕಾಯಲಾರರು. ಮದ್ದಿನ ಸದ್ದು ಮೊದಲು ಕೇಳುವುದು ದಂಡೆಯಲ್ಲಿ ತೋಟವಿರುವ ನಿಮಗೆ, ಸತ್ತ ಮೀನು ತೇಲುವುದನ್ನು ಮೊದಲು ಕಾಣುವುದು ಗಾಳ ಹಾಕಲು ಬಂದ ನಿಮ್ಮಂಥವರಿಗೆ. ನೀವು ಮತ್ತು ಆ ಸಿಬ್ಬಂದಿ ಮಾತು ಬಿಟ್ಟ ದಿನದಿಂದ ಆ ಮಾಹಿತಿ ನಿಲ್ಲುತ್ತದೆ, ಅದರ ಲಾಭ ರಾತ್ರಿ ಬರುವವರಿಗೆ ಸಿಗುತ್ತದೆ. ಹಾಗೆ ಮಾತು ನಿಂತ ಕಡೆ ಮಡುಗಳು ಬರಿದಾದದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಕೋಲುಗಳು ಹಿಂದಿರುಗುವುದು ಮುಖ್ಯ, ಈ ಸಂಬಂಧ ಹಿಂದಿರುಗುವುದು ಅದಕ್ಕಿಂತ ಮುಖ್ಯ.

ಬಿಳಿಮೀನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾವೇರಿಯಲ್ಲಿ ಗಾಳ ಹಾಕುವವರ ಮೇಲೆ ಕಣ್ಣಿಡಲು ಅದೇ ದೊಡ್ಡ ಕಾರಣ. ಕಾವೇರಿ ಕೊಳ್ಳದ ಬೆನ್ನುಬ್ಬಿನ ಮಹಶೀರ್ ಬೇರೆಲ್ಲೂ ಸಿಗದ ಮೀನು. ಅದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ, ಅದೇ ವರ್ಷ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಇದರ ಜೊತೆಗೆ, ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ ದಶಕಗಳ ಹಿಂದೆ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಕೂಡ ಈಗ ಕಾವೇರಿಯಲ್ಲಿ ಸಾಕಷ್ಟಿದೆ. ಮೂಲದ ಮೀನಿನ ರೆಕ್ಕೆಗಳಲ್ಲಿ ಕಿತ್ತಳೆ ಬಣ್ಣ, ತಲೆಯ ಹಿಂದೆ ಎದ್ದು ಕಾಣುವ ಉಬ್ಬು. ಎರಡನ್ನೂ ಗುರುತಿಸಲು ಕಲಿತ ಗಾಳಗಾರನೊಂದಿಗೆ ಅಧಿಕಾರಿ ಬೇರೆ ರೀತಿಯಲ್ಲಿ ಮಾತಾಡುತ್ತಾನೆ. ಬೆನ್ನುಬ್ಬಿನ ಮೀನು ಸಿಕ್ಕಿದರೆ ಒದ್ದೆ ಕೈಯಲ್ಲಿ, ನೀರಿನಲ್ಲೇ ಹಿಡಿದು ಗಾಳ ಬಿಡಿಸಿ, ಕಿವಿರಿಗೆ ಬೆರಳು ಹಾಕಿ ಎತ್ತದೆ, ಒಂದು ಚಿತ್ರ ತೆಗೆದು ಬಿಟ್ಟುಬಿಡಿ. ಮುಳ್ಳಿಲ್ಲದ ಗಾಳ ಬಳಸಿದರೆ ಬಿಡಿಸುವುದು ಸುಲಭ. ಆ ಚಿತ್ರವನ್ನು, ಸ್ಥಳ ಮತ್ತು ದಿನಾಂಕದೊಂದಿಗೆ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಕೊಡಿ. ಹಾರಂಗಿಯಲ್ಲಿ ಇಲಾಖೆಯದೇ ಮಹಶೀರ್ ಮರಿ ಉತ್ಪಾದನಾ ಕೇಂದ್ರವಿರುವಾಗ ನದಿಯಲ್ಲಿ ಯಾವ ಮೀನು ಎಲ್ಲಿ ಉಳಿದಿದೆ ಎಂಬ ಮಾಹಿತಿ ಅವರಿಗೆ ನಿಜವಾಗಿ ಬೇಕು. ಮೀನು ನಿಮ್ಮ ಕೈಯಲ್ಲೇ ಸತ್ತುಹೋದರೆ ಚೀಲದಲ್ಲಿ ಮುಚ್ಚಿಡಬೇಡಿ. ಆಗಲೇ ಫೋನು ಮಾಡಿ ತಿಳಿಸಿದವರನ್ನು ನೋಡುವುದಕ್ಕೂ, ಚೀಲದಲ್ಲಿ ಅದನ್ನು ಮುಚ್ಚಿಟ್ಟು ಸಿಕ್ಕಿಬಿದ್ದವರನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡಲು ಮೇಲಕ್ಕೆ ಹತ್ತುವಾಗ ಗಾಳವನ್ನೂ ಕೂಳಿಯನ್ನೂ (ಮೀನು ಹಿಡಿಯುವ ಬುಟ್ಟಿ) ಹೊಳೆಯಿಂದ ದೂರವಿಡಿ, ನಿರ್ಬಂಧದ ಅವಧಿಯನ್ನು ಪ್ರತಿ ವರ್ಷ ಕಚೇರಿಯಲ್ಲಿ ಕೇಳಿಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕೆನಿಸುತ್ತದೆ. ಕೋಲು, ರೀಲು ಹಿಡಿದ ತೋಟದ ಮಾಲೀಕರಿಗೆ ಇಷ್ಟಾದರೂ ಮಾತಾಡುವ ಅವಕಾಶ ಸಿಕ್ಕಿತು. ಲೈನ್‌ಮನೆಯಲ್ಲಿರುವ ಕಾರ್ಮಿಕನೋ ಯರವ, ಕುರುಬ ಬುಡಕಟ್ಟುಗಳ ಹುಡುಗನೋ ಸಂಜೆ ಸಾರಿಗೆಂದು ಬೀಸುಬಲೆ ಹಿಡಿದು ಹೋದಾಗ ಆ ಬಲೆಯನ್ನು ಅಲ್ಲೇ ಹರಿದು ಕಳಿಸಿದ ಉದಾಹರಣೆಗಳಿವೆ. ನಿಯಮ ಅವನಿಗೂ ಒಂದೇ, ರಸೀದಿಯ ಹಕ್ಕೂ ಒಂದೇ. ನಿಮ್ಮ ತೋಟದ ಕೆಲಸಗಾರರಿಗೆ ಎಲ್ಲಿ ಹಿಡಿಯಬಹುದು, ಎಲ್ಲಿ ಬಾರದು ಎಂದು ತಿಳಿಸಿಕೊಡುವ, ಅವರ ಪರವಾನಗಿ ಅರ್ಜಿಗೆ ಸಹಾಯ ಮಾಡುವ ಸ್ಥಾನದಲ್ಲಿ ನೀವಿದ್ದೀರಿ.

ಈಗ ನಿಮ್ಮ ಮುಂದಿರುವ ದಾರಿಗಳು. ಐನೂರು ರೂಪಾಯಿಯ ಸಲಹೆಯನ್ನು ಮನಸ್ಸಿನಿಂದಲೇ ತೆಗೆದುಹಾಕಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟವನು 7 ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಅಲ್ಲದೆ ಒಮ್ಮೆ ಕೊಟ್ಟ ಮನೆಗೆ ಪ್ರತಿ ಹಂಗಾಮಿನಲ್ಲೂ ಬರುತ್ತಾರೆ. ಯಾರಾದರೂ ಕೇಳಿದರೆ ಲೋಕಾಯುಕ್ತಕ್ಕೆ ಹೋಗುವುದು ನೇರ ದಾರಿ. ಆದರೆ ನಿಮ್ಮ ಪತ್ರದಲ್ಲಿ ಅವರು ಹಣ ಕೇಳಿದರೆಂದು ಎಲ್ಲೂ ಇಲ್ಲ. ಇಲ್ಲದ ಆರೋಪವನ್ನು ಕೋಪದಲ್ಲಿ ಸೇರಿಸಬೇಡಿ, ಅದರಿಂದ ನಿಮ್ಮ ನಿಜವಾದ ದೂರಿನ ಬಲ ಕುಗ್ಗುತ್ತದೆ.

ಕೇಸಿನ ಭಯದ ಬಗ್ಗೆ: ಪರವಾನಗಿ ಯಾಕೆ ಎಂದು ಕೇಳಿದ್ದು ಅಪರಾಧವಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂ ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸುವುದನ್ನೂ, 132ನೇ ಕಲಂ ಕರ್ತವ್ಯದಲ್ಲಿರುವ ನೌಕರನ ಮೇಲೆ ಕೈಮಾಡುವುದನ್ನೂ ಅಪರಾಧವೆನ್ನುತ್ತವೆ. ಎರಡನೆಯದಕ್ಕೆ 2 ವರ್ಷಗಳವರೆಗೆ ಶಿಕ್ಷೆಯಿದೆ. ಕೋಲನ್ನು ಹಿಡಿದೆಳೆದಾಡಿದ್ದರೆ, ದಾರಿಗೆ ಅಡ್ಡ ನಿಂತಿದ್ದರೆ ಮಾತ್ರ ಇದು ಚಿಂತೆಯ ವಿಷಯ. ಹಾಗೇನಾದರೂ ಆಗಿದ್ದರೆ ಮೊದಲು ವಕೀಲರನ್ನು ಕಾಣಿ, ಆಮೇಲೆ ಕಚೇರಿಗೆ ಹೋಗಿ.

ಮಗನ ವಿಡಿಯೊದಲ್ಲಿ ಎರಡು ಅಂಶಗಳಿವೆ. ಚಿತ್ರೀಕರಿಸಿದ್ದು ನಿಮ್ಮ ಪರವಾದ ಸಾಕ್ಷಿ, ಕತ್ತರಿಸದ ಮೂಲ ಪ್ರತಿಯನ್ನು ಜೋಪಾನವಾಗಿಡಿ. ಹಂಚಿದ್ದು ಮಾತ್ರ ನಿಮಗೆ ತೊಡಕು. ತುಣುಕು ಮಾಡಿ, ತಲೆಬರಹ ಹಾಕಿ ಹರಿದಾಡಿಸಿದಾಗ ಆ ನೌಕರನ ಮನೆಯವರೂ ನೋಡುತ್ತಾರೆ, ಮೇಲಧಿಕಾರಿಗಳು ಸಿಬ್ಬಂದಿಯ ಪರ ನಿಲ್ಲಬೇಕಾದ ಒತ್ತಡಕ್ಕೆ ಸಿಲುಕುತ್ತಾರೆ, ಮೌಖಿಕವಾಗಿ ಬಗೆಹರಿಯಬಹುದಾದದ್ದು ಕಡತವಾಗುತ್ತದೆ. ಗುಂಪಿನಿಂದ ಅದನ್ನು ತೆಗೆಯಲು ಮಗನಿಗೆ ಹೇಳಿ, ಮುಂದೆ ಹಂಚಬೇಡಿರೆಂದು ಅವನೇ ಅಲ್ಲಿ ಎರಡು ಸಾಲು ಬರೆಯಲಿ. ಅವನು ತಂದೆಗಾದ ಅವಮಾನಕ್ಕೆ ನೊಂದು ಹಾಗೆ ಮಾಡಿದ್ದಾನೆ, ಅವನನ್ನು ಗದರಿಸುವ ಅಗತ್ಯವಿಲ್ಲ.

ನಂತರ, ಒಂದು ಪುಟ ಮೀರದಂತೆ ಸಹಾಯಕ ನಿರ್ದೇಶಕರಿಗೆ ಪತ್ರ ಬರೆಯಿರಿ. ದಿನ, ಸಮಯ, ಸ್ಥಳ, ಒಯ್ದ ಕೋಲುಗಳ ವಿವರ ಕೊಟ್ಟು, ಪರವಾನಗಿ ಇಲ್ಲದೆ ಗಾಳ ಹಾಕಿದ್ದನ್ನು ನೇರವಾಗಿ ಒಪ್ಪಿಕೊಂಡು, ನಿಯಮದಂತೆ ಕಟ್ಟಬೇಕಾದ ದಂಡವನ್ನು ರಸೀದಿಯೊಂದಿಗೆ ಕಟ್ಟಲು ಸಿದ್ಧವೆಂದೂ ಕೋಲುಗಳ ಬಗ್ಗೆ ದಾಖಲೆ ಕೊಡಬೇಕೆಂದೂ ಕೇಳಿ. ಒಪ್ಪಿಕೊಂಡರೆ ಅದೇ ನನಗೆ ಮುಳುವಾಗದೇ ಎಂದು ನೀವು ಕೇಳಬಹುದು. ದಂಡದ ಅಪಾಯ ಇದ್ದೇ ಇದೆ. ಆದರೆ ಅದನ್ನು ಮರೆಮಾಚಿ ಕೋಲಿಗಾಗಿ ಮಾತ್ರ ಕೇಳಿದರೆ ವಿಡಿಯೊದಲ್ಲಿರುವ ನಿಮ್ಮ ಮಾತೇ ನಿಮಗೆ ಎದುರಾಗುತ್ತದೆ. ಪತ್ರವನ್ನು ನೀವೇ ಒಯ್ದು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಾಧ್ಯವಾದರೆ ಅಂದು ಬಂದಿದ್ದ ಸಿಬ್ಬಂದಿಯೊಂದಿಗೂ ಅಲ್ಲೇ ಕುಳಿತು ಮಾತಾಡಿ, ಮಗನನ್ನೂ ಕರೆದೊಯ್ಯಿರಿ. ನನ್ನ ಅನುಭವದಲ್ಲಿ ಬಹಳಷ್ಟು ಪ್ರಕರಣಗಳು ಆ ಕೋಣೆಯಲ್ಲೇ ಮುಗಿದಿವೆ.

ಉತ್ತರ ಬಾರದಿದ್ದರೆ ಜಿಲ್ಲೆಯ ಉಪ ನಿರ್ದೇಶಕರಿಗೆ ಅದೇ ಪತ್ರದ ಪ್ರತಿಯೊಂದಿಗೆ ಬರೆಯಿರಿ. ಅದರ ಜೊತೆಯಲ್ಲೇ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಒಂದು ಅರ್ಜಿ ಹಾಕಿ, ಆ ದಿನ ವಶಪಡಿಸಿಕೊಂಡ ವಸ್ತುಗಳ ದಾಖಲೆಯ ಪ್ರತಿ ಕೇಳಬಹುದು. ನಿಮ್ಮ ತೋಟದ ಮುಂದಿನ ಹೊಳೆಯ ಭಾಗ ಯಾರಿಗೆ ಗುತ್ತಿಗೆಯಾಗಿದೆ, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಿ, ಏಕೆಂದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಆ ಎಲ್ಲೆಯ ವಿವರ ಕೈಗೆ ಬಂದ ಮೇಲೆ ಅದರ ಪ್ರತಿಯನ್ನು ನಿಮ್ಮ ಅಕ್ಕಪಕ್ಕದ ತೋಟದವರಿಗೂ ಕೊಡಿ, ಪರವಾನಗಿಯ ಅರ್ಜಿಯನ್ನು ಹಂಗಾಮು ಶುರುವಾಗುವ ಮುಂಚೆಯೇ ಹಾಕಿ. ಅದು ಕೈಸೇರುವವರೆಗೆ ಗಾಳವನ್ನು ನೀರಿಗೆ ಬಿಡಬೇಡಿ.